ಕ್ರೂಸ್ ಪ್ರವಾಸದಲ್ಲಿ ಹವಳದ ದಿಬ್ಬದ ಮೇಲೆ ಒಂದು ದಿನ ಸ್ನಾರ್ಕೆಲಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಡಗು ಬೆಳಿಗ್ಗೆ ಬಂದರಿಗೆ ಬರುತ್ತದೆ, ಸಂಜೆ ಹೊರಡುತ್ತದೆ. ನಡುವೆ ಸಿಗುವ ಕೆಲವೇ ಗಂಟೆಗಳಲ್ಲಿ ಹವಳದ ದಿಬ್ಬ ನೋಡಿಕೊಂಡು ಬರಬೇಕು. ಮೊದಲ ಸಲ ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಒಂದು ಮಾತು ಮಾತ್ರ ಮತ್ತೆ ಮತ್ತೆ ಬರುತ್ತದೆ, ಬೇಕೆಂದೇ ಹೇಳಿದ್ದೇನೆ: ನೀರಿನಲ್ಲಿ ಅವಸರ ಬೇಡ. ಸುಮ್ನೆ ತೇಲುವವರಿಗೇ ಜಾಸ್ತಿ ಕಾಣುವುದು. ಅಪಾಯವೂ ಅವರಿಗೇ ಕಡಿಮೆ, ಹವಳಕ್ಕೂ ಅವರಿಂದಲೇ ತೊಂದರೆ ಕಡಿಮೆ.

ನನಗೆ ಈಜು ಬರುವುದಿಲ್ಲ. ಹೋಗಬಹುದಾ?

ಹೋಗಬಹುದು, ಆದರೆ ಎಲ್ಲ ಜಾಗಕ್ಕೂ ಅಲ್ಲ. ಲೈಫ್ ಜಾಕೆಟ್ ಅಥವಾ ಗಾಳಿ ಊದಿ ಹಾಕಿಕೊಳ್ಳುವ ಸ್ನಾರ್ಕೆಲ್ ವೆಸ್ಟ್ ಇದ್ದರೆ ದೇಹ ತಾನಾಗಿ ತೇಲುತ್ತದೆ. ಉಪ್ಪುನೀರಿನಲ್ಲಂತೂ ತೇಲುವುದು ಇನ್ನೂ ಸುಲಭ. ಈಜು ಬಾರದವರಿಗೆ ಕಷ್ಟವಾಗುವುದು ತೇಲುವುದಲ್ಲ, ಮುಖ ನೀರಿನಲ್ಲಿಟ್ಟಾಗ ಆಗುವ ಗಾಬರಿ. ಆದ್ದರಿಂದ ದಡದಿಂದ ನಡೆದು ಇಳಿಯಬಹುದಾದ, ಸೊಂಟದ ಮಟ್ಟದ ಶಾಂತ ನೀರಿರುವ ಜಾಗ ಆರಿಸಿಕೊಳ್ಳಿ. ನಡು ಸಮುದ್ರದಲ್ಲಿ ದೋಣಿಯಿಂದ ಹತ್ತು ಮೀಟರ್ ಆಳದ ನೀರಿಗೆ ಇಳಿಸುವ ಪ್ರವಾಸ ನಿಮಗಲ್ಲ, ಜಾಹೀರಾತಿನಲ್ಲಿ ಎಷ್ಟೇ ಸುಲಭ ಎಂದು ಬರೆದಿರಲಿ.

ಈಜು ಬರುವುದಿಲ್ಲ ಎಂದು ಗೈಡ್‌ಗೆ ಮೊದಲೇ ಹೇಳಿ. ನಾಚಿಕೆ ಬೇಡ. ಹೇಳಿದವರನ್ನು ಅವರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ. ಎಷ್ಟೋ ಕಡೆ ಹಿಡಿದುಕೊಳ್ಳಲು ತೇಲುವ ರಿಂಗ್ ಕೊಟ್ಟು ತಾವೇ ಎಳೆದುಕೊಂಡು ಹೋಗುತ್ತಾರೆ.

ಸ್ನಾರ್ಕೆಲಿಂಗ್‌ಗೂ ಸ್ಕೂಬಾಗೂ ಏನು ವ್ಯತ್ಯಾಸ?

ಸ್ನಾರ್ಕೆಲಿಂಗ್‌ನಲ್ಲಿ ನೀವು ನೀರಿನ ಮೇಲೆಯೇ ಬೋರಲಾಗಿ ತೇಲುತ್ತೀರಿ. ಬಾಯಲ್ಲಿರುವ ಕೊಳವೆಯ ಇನ್ನೊಂದು ತುದಿ ಗಾಳಿಯಲ್ಲಿರುತ್ತದೆ. ಸ್ಕೂಬಾದಲ್ಲಿ ಗಾಳಿಯ ಸಿಲಿಂಡರ್ ಹೊತ್ತು ನೀರಿನ ಆಳಕ್ಕೆ ಇಳಿಯುತ್ತಾರೆ. ಇಲ್ಲಿ ಸಿಲಿಂಡರ್ ಇಲ್ಲ, ಸರ್ಟಿಫಿಕೇಟ್ ಬೇಕಿಲ್ಲ. ಸ್ಕೂಬಾ ಮಾಡಿದವರು ವಿಮಾನ ಹತ್ತುವ ಮೊದಲು ಸಾಮಾನ್ಯವಾಗಿ 12ರಿಂದ 18 ಗಂಟೆ ಕಾಯಬೇಕು. ಮೇಲೆ ತೇಲುವ ಸ್ನಾರ್ಕೆಲಿಂಗ್‌ಗೆ ಆ ನಿಯಮ ಇಲ್ಲ. ಮಾರನೇ ದಿನವೇ ಪ್ರವಾಸ ಮುಗಿದು ವಿಮಾನ ಹಿಡಿಯುವವರಿಗೆ ಇದು ಅನುಕೂಲ.

ಹಡಗಿನವರ ಹತ್ತಿರವೇ ಬುಕ್ ಮಾಡಬೇಕಾ?

ಕಡ್ಡಾಯವೇನಲ್ಲ. ಹಡಗಿನವರು ನಡೆಸುವ ಪ್ರವಾಸದ ದೊಡ್ಡ ಲಾಭ ಸಮಯದ್ದು. ದೋಣಿ ಕೆಟ್ಟು ತಡವಾದರೆ ಹಡಗು ಕಾಯುತ್ತದೆ, ಇಲ್ಲವಾದರೆ ನಿಮ್ಮನ್ನು ಮುಂದಿನ ಬಂದರಿಗೆ ಮುಟ್ಟಿಸುವ ವ್ಯವಸ್ಥೆ ಮಾಡುತ್ತಾರೆ. ನೀವೇ ಹೊರಗೆ ಬುಕ್ ಮಾಡಿಕೊಂಡು ತಡವಾದರೆ ಹಡಗು ಹೊರಟುಬಿಡುತ್ತದೆ. ಮುಂದಿನ ಬಂದರಿಗೆ ಹೋಗುವ ಖರ್ಚು, ಓಡಾಟ ಎಲ್ಲ ನಿಮ್ಮದೇ.

ಹೊರಗಿನವರದ್ದರಲ್ಲಿ ಗುಂಪು ಚಿಕ್ಕದಾಗಿರುತ್ತದೆ, ಅದು ಬಹಳ ದೊಡ್ಡ ವಿಷಯ. ನಲವತ್ತು ಜನ ಒಟ್ಟಿಗೆ ಫಿನ್ಸ್ (ಕಾಲಿಗೆ ಹಾಕುವ ಈಜುರೆಕ್ಕೆ) ಬಡಿಯುವ ಜಾಗದಲ್ಲಿ ಮರಳೆದ್ದು ಏನೂ ಕಾಣುವುದಿಲ್ಲ. ನನ್ನನ್ನು ಕೇಳಿದರೆ, ಮೊದಲ ಸಲ ಹೋಗುವವರು ಮತ್ತು ದೋಣಿ ಪ್ರಯಾಣವೇ ಉದ್ದವಿರುವ ಬಂದರಿಗೆ ಹೋಗುವವರು ಹಡಗಿನವರ ಹತ್ತಿರವೇ ಮಾಡಿಸಲಿ. ಅನುಭವ ಇದ್ದವರು, ದಿಬ್ಬ ದಡದ ಹತ್ತಿರವೇ ಇದ್ದರೆ, ಹೊರಗೆ ಮಾಡಿಕೊಳ್ಳಬಹುದು. ಆದರೆ ವಾಪಸ್ ಬರುವ ಸಮಯ ಹಡಗು ಹೊರಡುವುದಕ್ಕಿಂತ ಎರಡು ಗಂಟೆಯಾದರೂ ಮೊದಲೇ ಇರಲಿ.

ಒಂದು ಸಣ್ಣ ವಿಷಯ ಬಹಳ ಜನಕ್ಕೆ ಕೈಕೊಡುತ್ತದೆ: ಹಡಗಿನ ಗಡಿಯಾರ ಮತ್ತು ಊರಿನ ಗಡಿಯಾರ ಎಷ್ಟೋ ಬಂದರುಗಳಲ್ಲಿ ಬೇರೆ ಬೇರೆ. ಮೊಬೈಲ್ ತಾನಾಗಿ ಊರಿನ ಸಮಯಕ್ಕೆ ಬದಲಾಗಿಬಿಡುತ್ತದೆ. ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಇಟ್ಟುಕೊಳ್ಳಿ. ಹೊರಡುವ ಸಮಯ ಒಂದು, ಎಲ್ಲರೂ ಹತ್ತಿರಬೇಕಾದ ಸಮಯ ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ಅರ್ಧ ಗಂಟೆ ಮೊದಲು, ಕೆಲವೊಮ್ಮೆ ಇನ್ನೂ ಬೇಗ.

ಆ ದಿನ ಹೇಗೆ ಸಾಗುತ್ತದೆ?

ಬೆಳಿಗ್ಗೆ ತಿಂಡಿ ಹಗುರವಾಗಿ ಮುಗಿಸಿ ಹಡಗಿನಿಂದ ಇಳಿಯುತ್ತೀರಿ. ಕೆಲವು ಬಂದರುಗಳಲ್ಲಿ ಹಡಗು ನೇರ ಕಟ್ಟೆಗೆ ನಿಲ್ಲುತ್ತದೆ. ಬೆಲೀಜ್ ಸಿಟಿಯಂಥ ಕಡೆ ನೀರು ಆಳವಿಲ್ಲದ ಕಾರಣ ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಅಲ್ಲಿಂದ ಟೆಂಡರ್ ಎನ್ನುವ ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಬೇಕು, ಅದಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಆಮೇಲೆ ಸಹಿ ಮಾಡುವ ಕಾಗದ, ಸಲಕರಣೆ ಹಂಚುವುದು, ಗೈಡ್ ಹೇಳುವ ಸೂಚನೆಗಳು, ದಿಬ್ಬದವರೆಗೆ ದೋಣಿ. ನಿಜವಾಗಿ ನೀರಿನಲ್ಲಿ ಇರುವುದು ಒಂದರಿಂದ ಒಂದೂವರೆ ಗಂಟೆ. ಕಡಿಮೆ ಅನಿಸಬಹುದು, ಆದರೆ ಹೊಸಬರಿಗೆ ಅಷ್ಟು ಹೊತ್ತಿಗೆ ಸಾಕುಸಾಕಾಗಿರುತ್ತದೆ.

ಆಯ್ಕೆ ಇದ್ದರೆ ಬೆಳಗಿನ ಸರದಿಯನ್ನೇ ತೆಗೆದುಕೊಳ್ಳಿ. ಗಾಳಿ ಸಾಮಾನ್ಯವಾಗಿ ಮಧ್ಯಾಹ್ನ ಜೋರಾಗುತ್ತದೆ, ಅಲೆ ಏಳುತ್ತದೆ, ನೀರು ಕದಡುತ್ತದೆ.

ಯಾವ ಬಂದರುಗಳಲ್ಲಿ ಒಳ್ಳೆ ಹವಳ ನೋಡಬಹುದು?

ಕೆರಿಬಿಯನ್ ಕಡೆ ಹೋಗುವ ಹಡಗಾದರೆ ಮೆಕ್ಸಿಕೋದ ಕೊಸುಮೆಲ್, ಹೊಂಡುರಾಸ್‌ನ ರೊವಾಟಾನ್, ಬೆಲೀಜ್. ಇವು ಮೂರೂ ಒಂದೇ ಮೆಸೊಅಮೆರಿಕನ್ ದಿಬ್ಬದ ಸಾಲಿಗೆ ಸೇರಿದವು. ಬೆಲೀಜ್‌ನ ದಿಬ್ಬ 1996ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಧ್ಯೆ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಹೋಗಿ, ಸರ್ಕಾರ ಅಲ್ಲಿನ ಸಮುದ್ರದಲ್ಲಿ ತೈಲ ಹುಡುಕುವುದನ್ನು ನಿಲ್ಲಿಸಿದ ಮೇಲೆ 2018ರಲ್ಲಿ ಅದರಿಂದ ಹೊರಬಂತು. ಬೊನೇರ್ ದ್ವೀಪದಲ್ಲಿ ದಡದಿಂದಲೇ ನಡೆದು ದಿಬ್ಬಕ್ಕೆ ಇಳಿಯಬಹುದು. ಅಲ್ಲಿ 1979ರಿಂದಲೇ ಸುತ್ತಲಿನ ಸಮುದ್ರ ಸಂರಕ್ಷಿತ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ 2,300 ಕಿ.ಮೀ. ಉದ್ದ. ಆದರೆ ಅದು ದಡಕ್ಕೆ ಅಂಟಿಕೊಂಡಿಲ್ಲ. ಕೇನ್ಸ್‌ನಿಂದ ಹೊರ ದಿಬ್ಬಕ್ಕೆ ವೇಗದ ದೋಣಿಯಲ್ಲೂ ಒಂದೂವರೆ ಗಂಟೆ ಬೇಕು, ಇಡೀ ದಿನ ಅದಕ್ಕೇ ಮೀಸಲಿಡಬೇಕು. ಈಜಿಪ್ಟ್‌ನ ಕೆಂಪು ಸಮುದ್ರದಲ್ಲಿ ನೀರು ಬಹಳ ತಿಳಿ. ಫ್ರೆಂಚ್ ಪಾಲಿನೇಷ್ಯಾದ ಮೊರಿಯಾದಲ್ಲಿ ದಿಬ್ಬಕ್ಕೂ ದಡಕ್ಕೂ ನಡುವಿನ ನೀರು, ಅಂದರೆ ಲಗೂನ್, ಶಾಂತವಾಗಿರುತ್ತದೆ. ಹೊಸಬರಿಗೆ ಇಂಥ ಲಗೂನ್‌ಗಳೇ ಒಳ್ಳೆಯದು.

ಮಾಸ್ಕ್ ಸರಿಯಾಗಿ ಕೂರುತ್ತದೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ದಿನ ಚೆನ್ನಾಗಿ ಹೋಗುವುದೂ ಹಾಳಾಗುವುದೂ ಬಹುಮಟ್ಟಿಗೆ ಮಾಸ್ಕ್ ಮೇಲೆ ನಿಂತಿದೆ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯಿರಿ. ಮೂಗಿನಿಂದ ಮೆಲ್ಲಗೆ ಉಸಿರು ಒಳಗೆ ಎಳೆಯಿರಿ, ಕೈ ಬಿಡಿ. ಮಾಸ್ಕ್ ಬೀಳದೆ ಮುಖಕ್ಕೇ ಅಂಟಿಕೊಂಡು ನಿಂತರೆ ಅದು ನಿಮ್ಮದು. ಜಾರಿದರೆ ಬೇರೆ ಕೇಳಿ. ಎಷ್ಟು ಸಲ ಬದಲಾಯಿಸಿದರೂ ಪರವಾಗಿಲ್ಲ, ದೋಣಿ ಹೊರಡುವ ಮೊದಲೇ ಮಾಡಿ.

ನೀರು ಸೋರುತ್ತಿದ್ದರೆ ಜನ ಮೊದಲು ಮಾಡುವುದು ಪಟ್ಟಿ ಬಿಗಿ ಮಾಡುವುದು. ಅದರಿಂದ ಸೋರುವುದು ಜಾಸ್ತಿಯೇ ಆಗುತ್ತದೆ, ಏಕೆಂದರೆ ಸಿಲಿಕೋನ್ ಅಂಚು ಮಡಚಿಕೊಳ್ಳುತ್ತದೆ. ಅಂಚಿನ ಕೆಳಗೆ ಕೂದಲು ಸಿಕ್ಕಿದೆಯಾ ನೋಡಿ. ಹಣೆಯ ಮೇಲಿನ ಒಂದೆಳೆ ಕೂದಲು ಸಾಕು, ನೀರು ಅದೇ ದಾರಿ ಹಿಡಿದು ಒಳಗೆ ಬರುತ್ತದೆ. ಪಟ್ಟಿ ಕಿವಿಯ ಮೇಲೆ ಅಲ್ಲ, ತಲೆಯ ಹಿಂಭಾಗದ ಉಬ್ಬಿನ ಮೇಲೆ ಕೂರಬೇಕು. ಮೀಸೆ ಇರುವವರಿಗೆ ಮೂಗಿನ ಕೆಳಗೆ ಸ್ವಲ್ಪ ಸೋರುವುದು ಸಹಜ. ಅಲ್ಲಿಗೆ ಸಿಲಿಕೋನ್ ಗ್ರೀಸ್ ಸವರಿಕೊಳ್ಳಬಹುದು. ವ್ಯಾಸಲೀನ್ ಬೇಡ, ಅದು ಮಾಸ್ಕಿನ ಅಂಚನ್ನು ಹಾಳು ಮಾಡುತ್ತದೆ.

ಗಾಜು ಮಂಜಾಗದಿರಲು ಒಳಭಾಗಕ್ಕೆ ಒಂದು ಹನಿ ಬೇಬಿ ಶಾಂಪೂ ಸವರಿ, ಸಮುದ್ರದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಏನೂ ಇಲ್ಲದಿದ್ದರೆ ಎಂಜಲು ಸವರಿದರೂ ಆಗುತ್ತದೆ, ಎಷ್ಟೋ ಗೈಡ್‌ಗಳು ಮಾಡುವುದೂ ಅದನ್ನೇ. ಮಾಸ್ಕ್ ಹಾಕಿಕೊಂಡ ಮೇಲೆ ಮೂಗಿನಿಂದ ಉಸಿರು ಬಿಡುತ್ತಿದ್ದರೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ.

ಕನ್ನಡಕ ಹಾಕುತ್ತೇನೆ. ಏನು ಮಾಡಲಿ?

ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ದೂರದ ವಸ್ತು ಮಸುಕಾಗಿ ಕಾಣುವವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ, ಬುಕ್ ಮಾಡುವಾಗಲೇ ಕೇಳಿ. ನಿಮ್ಮ ನಂಬರ್ ಸ್ವಲ್ಪವೇ ಇದ್ದರೆ ಸುಮ್ನೆ ಸಾಮಾನ್ಯ ಮಾಸ್ಕ್ ಸಾಕು, ಏಕೆಂದರೆ ನೀರಿನಲ್ಲಿ ಎಲ್ಲವೂ ಸುಮಾರು ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಹತ್ತಿರದಲ್ಲಿರುವಂತೆ ಕಾಣುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ದಿನಕ್ಕೊಂದರಂತೆ ಬಳಸಿ ಬಿಸಾಡುವ ಲೆನ್ಸ್ ಹಾಕಿ, ನೀರಿನಿಂದ ಮೇಲೆ ಬಂದ ಕೂಡಲೇ ತೆಗೆದುಬಿಡಿ.

ಇಡೀ ಮುಖ ಮುಚ್ಚುವ ಮಾಸ್ಕ್ ಒಳ್ಳೆಯದಲ್ವಾ?

ಮೂಗಿನಿಂದಲೇ ಉಸಿರಾಡಬಹುದು ಎನ್ನುವುದು ಆಕರ್ಷಣೆ. ಆದರೆ ಹೊಸಬರಿಗೆ ಅದನ್ನು ಹಾಕಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಗಾಳಿಯ ದಾರಿ ಸರಿಯಾಗಿ ವಿನ್ಯಾಸ ಮಾಡದ ಅಗ್ಗದ ಮಾಸ್ಕ್‌ಗಳಲ್ಲಿ ನಾವು ಬಿಟ್ಟ ಉಸಿರೇ ಒಳಗೆ ಉಳಿದು, ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗುವ ಸಾಧ್ಯತೆ ಇದೆ. ಗಾಬರಿಯಾದಾಗ ಬಾಯಿಂದ ಕೊಳವೆ ಉಗುಳಿದಷ್ಟು ಸುಲಭವಾಗಿ ಅದನ್ನು ಕಳಚಲು ಆಗುವುದಿಲ್ಲ. ಕೆಲವು ಪ್ರವಾಸದವರು ಅದನ್ನು ಹಾಕಿಕೊಳ್ಳಲು ಬಿಡುವುದೇ ಇಲ್ಲ, ಸುಮ್ನೆ ಹೊತ್ತುಕೊಂಡು ಹೋದಂತಾಗುತ್ತದೆ.

ಕೊಳವೆಯಲ್ಲಿ ಉಸಿರಾಡುವುದು ಕಷ್ಟವಾ? ನೀರು ನುಗ್ಗಿದರೆ?

ಮೊದಲ ಹತ್ತು ನಿಮಿಷ ಎಲ್ಲರಿಗೂ ವಿಚಿತ್ರ ಅನಿಸುತ್ತದೆ. ಮುಖ ನೀರಿನಲ್ಲಿರುವಾಗ ಉಸಿರು ಎಳೆಯಬೇಡ ಎಂದು ದೇಹ ಹೇಳುತ್ತಿರುತ್ತದೆ, ನೀವು ಎಳೆಯಬೇಕು. ಆ ಹತ್ತು ನಿಮಿಷ ಮೀನು ನೋಡಲು ಹೋಗಬೇಡಿ. ದೋಣಿಯ ಏಣಿ ಹಿಡಿದುಕೊಂಡು, ಇಲ್ಲವೇ ನಿಲ್ಲಬಹುದಾದ ನೀರಿನಲ್ಲಿ, ಉಸಿರಾಟ ಒಂದನ್ನೇ ಮಾಡಿ. ನಿಧಾನವಾಗಿ, ಆಳವಾಗಿ ಎಳೆಯಿರಿ. ಬಿಡುವಾಗ ಪೂರ್ತಿ ಬಿಡಿ. ಸಣ್ಣ ಸಣ್ಣ ಉಸಿರು ತೆಗೆದುಕೊಂಡರೆ ಕೊಳವೆಯೊಳಗಿನ ಹಳೆಯ ಗಾಳಿಯೇ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ, ಉಸಿರು ಸಾಲದು ಅನಿಸುತ್ತದೆ, ಅದರಿಂದ ಇನ್ನೂ ಗಾಬರಿ.

ಅಲೆ ಬಂದು ಕೊಳವೆಗೆ ನೀರು ಬೀಳುವುದು ಖಂಡಿತ. ಆಗ ಬಾಯಲ್ಲಿ ಇರುವ ಗಾಳಿಯನ್ನು ಒಮ್ಮೆಗೇ ಜೋರಾಗಿ ಊದಿ, ನೀರು ಮೇಲಿನಿಂದ ಚಿಮ್ಮಿ ಹೋಗುತ್ತದೆ. ಮುಂದಿನ ಉಸಿರನ್ನು ಹುಷಾರಾಗಿ, ಸ್ವಲ್ಪವೇ ಎಳೆದು ನೋಡಿ. ಊದಲು ಗಾಳಿಯೇ ಇರಲಿಲ್ಲ ಎಂದರೆ ತಲೆ ಎತ್ತಿ ಕೊಳವೆ ತೆಗೆದರಾಯಿತು, ನೀವು ಇರುವುದು ನೀರಿನ ಮೇಲೆಯೇ ಅಲ್ವಾ. ಮಾಸ್ಕ್‌ನೊಳಗೆ ನೀರು ಸೇರಿದರೂ ಅಷ್ಟೇ: ತಲೆ ಎತ್ತಿ, ಕೆಳ ಅಂಚನ್ನು ಸ್ವಲ್ಪ ಎಳೆದು ನೀರು ಸುರಿದುಬಿಡಿ.

ಯಾರು ನೀರಿಗೆ ಇಳಿಯಬಾರದು?

ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ನಾರ್ಕೆಲಿಂಗ್ ಆರಾಮದ ಕೆಲಸದಂತೆ ಕಾಣುತ್ತದೆ, ಆದರೆ ಹವಾಯಿಯಲ್ಲಿ ಪ್ರವಾಸಿಗರು ಮುಳುಗಿ ಸಾಯುವ ಘಟನೆಗಳಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದವರೇ ಬಹಳ. ಅವರಲ್ಲಿ ನಡುವಯಸ್ಸು ದಾಟಿದವರು ಹೆಚ್ಚು. ಕೈಕಾಲು ಬಡಿದು ಕೂಗುವುದಿಲ್ಲ, ಸದ್ದಿಲ್ಲದೆ ನಿಂತುಬಿಡುತ್ತಾರೆ. ಬೋರಲಾಗಿ ತೇಲುವವರೂ ಅಲುಗಾಡದವರೂ ದೂರದಿಂದ ಒಂದೇ ಥರ ಕಾಣುವುದರಿಂದ ಪಕ್ಕದವರಿಗೂ ತಿಳಿಯುವುದಿಲ್ಲ.

ಹೃದಯದ ತೊಂದರೆ, ಹತೋಟಿಗೆ ಬರದ ರಕ್ತದೊತ್ತಡ, ಆಸ್ತಮಾ, ಫಿಟ್ಸ್ ಇರುವವರು ಪ್ರವಾಸಕ್ಕೆ ಮೊದಲೇ ವೈದ್ಯರನ್ನು ಕೇಳಿ. ಹಿಂದಿನ ರಾತ್ರಿ ಕುಡಿದು ಬೆಳಿಗ್ಗೆ ತಲೆ ಭಾರವಿದ್ದರೆ ದೋಣಿಯಲ್ಲೇ ಕೂತು ಬನ್ನಿ. ನೀರಿನಲ್ಲಿರುವಾಗ ಕಾರಣವಿಲ್ಲದೆ ಉಸಿರು ಸಾಲದೆ ಬಂದರೆ, ಕೈಕಾಲು ಸೋತಂತಾದರೆ, ಸ್ವಲ್ಪ ಹೊತ್ತು ನೋಡೋಣ ಎನ್ನಬೇಡಿ. ಕೂಡಲೇ ಅಂಗಾತ ತಿರುಗಿ, ಕೊಳವೆ ಉಗುಳಿ, ಕೈ ಎತ್ತಿ ಬೀಸಿ. ಒಬ್ಬರೇ ಯಾವತ್ತೂ ಹೋಗಬೇಡಿ. ಜೊತೆಗಾರ ಎಂದರೆ ಅದೇ ದೋಣಿಯಲ್ಲಿ ಬಂದವರಲ್ಲ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರುವವರು.

ಉಸಿರು ಹಿಡಿದು ಕೆಳಗೆ ಮುಳುಗಬಹುದಾ?

ಚೆನ್ನಾಗಿ ಈಜುವವರು ಎರಡು ಮೂರು ಮೀಟರ್ ಇಳಿಯಬಹುದು. ಕಿವಿ ಒತ್ತಿದ ಕೂಡಲೇ ಮೂಗು ಹಿಡಿದು ಮೆಲ್ಲಗೆ ಊದಿ ಒತ್ತಡ ಸರಿಮಾಡಿಕೊಳ್ಳಬೇಕು. ಸರಿಯಾಗದಿದ್ದರೆ ಮೇಲೆ ಬನ್ನಿ. ಜಾಸ್ತಿ ಹೊತ್ತು ಇರಬೇಕೆಂದು ಮೊದಲೇ ಬುಸುಬುಸು ಉಸಿರೆಳೆದು ಮುಳುಗುವುದು ಮಾತ್ರ ಬಹಳ ಅಪಾಯ. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಉಸಿರು ಬೇಕು ಎಂಬ ಸೂಚನೆ ಕೊಡುವುದೇ ಅದು. ಸೂಚನೆ ಬರುವ ಮೊದಲೇ ಆಮ್ಲಜನಕ ಮುಗಿದು, ನೀರಿನೊಳಗೇ ಪ್ರಜ್ಞೆ ಹೋಗುತ್ತದೆ.

ಅಲ್ಲಿ ಏನೇನು ಕಾಣುತ್ತದೆ?

ಮೊದಲು ಕೇಳಿಸುತ್ತದೆ! ಕಿವಿ ನೀರಿನೊಳಗೆ ಹೋದ ಕೂಡಲೇ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು, ಎಲ್ಲ ಕಡೆಯಿಂದ. ಅದು ಬೆರಳಿಗಿಂತ ಸಣ್ಣ ಸೀಗಡಿಗಳದ್ದು. ಒಂದು ಕೊಂಡಿಯನ್ನು ಎಷ್ಟು ವೇಗವಾಗಿ ಮುಚ್ಚುತ್ತವೆಂದರೆ ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತದೆ, ನಮಗೆ ಕೇಳುವುದು ಆ ಒಡೆಯುವ ಸದ್ದು. ಕಣ್ಣಿಗೆ ಒಂದು ಸೀಗಡಿಯೂ ಬೀಳುವುದಿಲ್ಲ. ಸದ್ದು ದಟ್ಟವಾಗಿದ್ದರೆ ದಿಬ್ಬದಲ್ಲಿ ಜೀವ ತುಂಬಿದೆ ಎಂದುಕೊಳ್ಳಬಹುದು.

ಆಮೇಲೆ ಕಟಕಟ ಎಂದು ಕಲ್ಲು ಕಡಿದ ಸದ್ದು. ತಿರುಗಿ ನೋಡಿದರೆ ಹಸಿರು ನೀಲಿ ಬಣ್ಣದ ಪ್ಯಾರಟ್ ಫಿಶ್. ಅದರ ಹಲ್ಲುಗಳು ಕೂಡಿಕೊಂಡು ಕೊಕ್ಕಿನಂತಾಗಿವೆ. ಅದರಿಂದ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ, ಜೊತೆಗೆ ಸುಣ್ಣದ ಕಲ್ಲೂ ಹೊಟ್ಟೆಗೆ ಹೋಗುತ್ತದೆ. ಒಳಗೆ ಅರೆದು ಮರಳಾಗಿ ಹೊರಬಿಡುತ್ತದೆ. ಅದರ ಹಿಂದೆ ಬಿಳಿ ಪುಡಿ ಮೋಡದಂತೆ ಇಳಿಯುವುದನ್ನು ಕಣ್ಣಾರೆ ನೋಡಬಹುದು. ದೊಡ್ಡ ಜಾತಿಯ ಒಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ದಿಬ್ಬದ ಪಕ್ಕದ ಬಿಳಿ ಬೀಚಿನ ಮೇಲೆ ನಡೆಯುವಾಗ ಇದನ್ನು ನೆನಪಿಸಿಕೊಳ್ಳಿ.

ಉಳಿದದ್ದು ಎಲ್ಲಿಗೆ ಹೋಗಿದ್ದೀರಿ ಎನ್ನುವುದರ ಮೇಲೆ. ಕಿತ್ತಳೆ ಬಿಳಿ ಪಟ್ಟೆಯ ಕ್ಲೌನ್ ಫಿಶ್, ದೈತ್ಯ ಕಪ್ಪೆಚಿಪ್ಪು ಇವೆಲ್ಲ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನವು, ಕೆರಿಬಿಯನ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೆರಿಬಿಯನ್‌ನಲ್ಲಿ ನೇರಳೆ ಬಣ್ಣದ, ಬೀಸಣಿಗೆಯಂಥ ಹವಳಗಳಾದ ಸೀ ಫ್ಯಾನ್‌ಗಳು ಅಲೆಗೆ ತಕ್ಕಂತೆ ಬಾಗುತ್ತಿರುತ್ತವೆ, ಮಿದುಳಿನಂತೆ ಮಡಿಕೆ ಮಡಿಕೆಯಾದ ದುಂಡು ಹವಳಗಳಿರುತ್ತವೆ. ಕಡಲಾಮೆ ಎರಡೂ ಕಡೆ ಸಿಗಬಹುದು.

ಜಾಸ್ತಿ ನೋಡಬೇಕೆಂದರೆ ಒಂದೇ ಉಪಾಯ: ಒಂದು ಕಡೆ ನಿಲ್ಲಿ. ಎರಡು ಮೀಟರ್ ಅಗಲದ ಜಾಗ ಆರಿಸಿ, ಅದರ ಮೇಲೆ ಐದು ನಿಮಿಷ ಅಲುಗಾಡದೆ ತೇಲಿ. ನಿಮ್ಮನ್ನು ಕಂಡು ಸಂದಿಗೆ ಹೋದವೆಲ್ಲ ಒಂದೊಂದಾಗಿ ಹೊರಬರುತ್ತವೆ. ದೊಡ್ಡ ಮೀನೊಂದು ಬಾಯಿ ತೆರೆದು ನಿಂತಿರುತ್ತದೆ, ಸಣ್ಣ ಮೀನುಗಳು ಅದರ ಕಿವಿರಿನೊಳಗೆ ಹೋಗಿ ಅಂಟಿಕೊಂಡ ಹುಳಗಳನ್ನು ತಿನ್ನುತ್ತಿರುತ್ತವೆ. ಓಡುತ್ತಾ ಈಜಿದವರಿಗೆ ಇದು ಕಾಣುವುದೇ ಇಲ್ಲ.

ಹವಳ ಕಲ್ಲಾ, ಗಿಡವಾ, ಪ್ರಾಣಿಯಾ? ಮುಟ್ಟಿದರೆ ಏನಾಗುತ್ತದೆ?

ಪ್ರಾಣಿ. ಕಲ್ಲಿನಂತೆ ಕಾಣುವುದು ಅದು ಕಟ್ಟಿಕೊಂಡ ಸುಣ್ಣದ ಗೂಡು. ಅದರ ಮೇಲ್ಮೈಯಲ್ಲಿ ತೆಳ್ಳಗಿನ ಪದರದಂತೆ ಪಾಲಿಪ್ ಎಂಬ ಸಾವಿರಾರು ಪುಟ್ಟ ಜೀವಿಗಳು ಬದುಕಿರುತ್ತವೆ. ಎಷ್ಟೋ ಜಾತಿಗಳಲ್ಲಿ ಒಂದೊಂದು ಪಾಲಿಪ್ ಕೆಲವೇ ಮಿಲಿಮೀಟರ್. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಪಾಚಿ ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುತ್ತದೆ, ಹವಳ ಅದಕ್ಕೆ ಇರಲು ಜಾಗ ಕೊಡುತ್ತದೆ. ಬಣ್ಣ ಬರುವುದೂ ಬಹುಪಾಲು ಆ ಪಾಚಿಯಿಂದ.

ನಿಮ್ಮ ಬೆರಳು ತಾಗಿದರೆ ಆ ತೆಳು ಪದರ ಕಿತ್ತುಬರುತ್ತದೆ, ಅದನ್ನು ಕಾಪಾಡುವ ಲೋಳೆ ಹೋಗುತ್ತದೆ, ರೋಗ ಹತ್ತಲು ದಾರಿಯಾಗುತ್ತದೆ. ದುಂಡು ಹವಳಗಳು ವರ್ಷಕ್ಕೆ ಬೆಳೆಯುವುದು ಸುಮಾರು ಅರ್ಧದಿಂದ ಎರಡು ಸೆಂಟಿಮೀಟರ್. ನಿಮ್ಮ ತಲೆಯಷ್ಟು ದೊಡ್ಡ ಹವಳ ನಿಮಗಿಂತ ಹಿರಿಯದಿರಬಹುದು. ಒಂದು ಸಲ ಫಿನ್ಸ್ ತಗುಲಿ ಮುರಿದ ಕೊಂಬೆ ಮತ್ತೆ ಅಷ್ಟಾಗಲು ವರ್ಷಗಳೇ ಬೇಕು.

ಬೇಕೆಂದು ಮುಟ್ಟುವವರು ಕಡಿಮೆ. ಹಾನಿ ಆಗುವುದು ಹೆಚ್ಚಾಗಿ ಮಾಸ್ಕ್ ಸರಿಮಾಡಿಕೊಳ್ಳಲು ಹವಳದ ಮೇಲೆ ನಿಂತುಬಿಡುವುದರಿಂದ. ಅದಕ್ಕೇ ನೇರವಾಗಿ ನಿಲ್ಲುವ ಆಸೆ ಬಂದಾಗ ಮೊದಲು ಅಂಗಾತ ತಿರುಗಿ, ತೇಲುತ್ತಲೇ ಮಾಸ್ಕ್ ಸರಿಮಾಡಿ. ಕಾಲನ್ನು ಮೊಣಕಾಲಿನಿಂದಲ್ಲ, ಸೊಂಟದಿಂದ ನಿಧಾನವಾಗಿ ಆಡಿಸಿ. ದಿಬ್ಬದ ಮೇಲೆ ನೀರು ನಿಮ್ಮ ಕೈಯುದ್ದಕ್ಕಿಂತ ಕಡಿಮೆ ಇದ್ದರೆ ಆ ಕಡೆ ಹೋಗಲೇಬೇಡಿ, ಅಂಚಿನಿಂದಲೇ ನೋಡಿ.

ಕೆಲವು ಹವಳ ಪೂರ್ತಿ ಬಿಳಿಯಾಗಿದೆ. ಚೆನ್ನಾಗಿ ಕಾಣುತ್ತದೆ, ಆದರೆ ಅದು ಸರಿಯಾ?

ಸರಿಯಲ್ಲ, ಅದು ಹಸಿದ ಹವಳ. ಸಮುದ್ರದ ನೀರು ಅಲ್ಲಿನ ಬೇಸಿಗೆಯ ಗರಿಷ್ಠ ಬಿಸಿಗಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ, ವಾರಗಟ್ಟಲೆ ಹಾಗೇ ಇದ್ದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಒಳಗಿನ ಸುಣ್ಣ ಕಾಣುತ್ತದೆ. ಇದೇ ಬ್ಲೀಚಿಂಗ್. ಆಗಿನ್ನೂ ಅದು ಸತ್ತಿರುವುದಿಲ್ಲ. ನೀರು ಬೇಗ ತಣ್ಣಗಾದರೆ ಪಾಚಿ ಮರಳಿ ಸೇರಿ ಚೇತರಿಸಿಕೊಳ್ಳಬಹುದು. ಆಗದಿದ್ದರೆ ಹಸಿವಿನಿಂದ ಸತ್ತು, ಮೇಲೆ ಕಂದು ಪಾಚಿ ಕಟ್ಟುತ್ತದೆ.

ಜಗತ್ತಿನಾದ್ಯಂತ ಒಟ್ಟಿಗೆ ಹೀಗಾದದ್ದು ಮೊದಲು 1998ರಲ್ಲಿ, ಆಮೇಲೆ 2010ರಲ್ಲಿ, ಮತ್ತೆ 2014ರಿಂದ 2017ರವರೆಗೆ. ನಾಲ್ಕನೆಯದು ನಡೆಯುತ್ತಿದೆ ಎಂದು ಅಮೆರಿಕದ ಸಮುದ್ರ ಮತ್ತು ಹವಾಮಾನ ಸಂಸ್ಥೆ ನೋವಾ 2024ರ ಏಪ್ರಿಲ್‌ನಲ್ಲಿ ಘೋಷಿಸಿತು. ನೀವು ಹೋದ ದಿಬ್ಬದಲ್ಲಿ ಹಳೆಯ ಫೋಟೋಗಳಷ್ಟು ಬಣ್ಣ ಇಲ್ಲದಿದ್ದರೆ ಇದೂ ಕಾರಣವಿರಬಹುದು. ಬೇಸರವಾಗುತ್ತದೆ, ನಿಜ. ಬಿಸಿಗೆ ಸೊರಗಿದ ಹವಳಕ್ಕೆ ಮುಟ್ಟುವವರ ಕಾಟವೂ ಸೇರಬಾರದು.

ಸನ್‌ಸ್ಕ್ರೀನ್ ಯಾವುದು ಹಚ್ಚಿಕೊಳ್ಳಲಿ?

ಆದಷ್ಟು ಬಟ್ಟೆಯಿಂದಲೇ ಮುಚ್ಚಿಕೊಳ್ಳಿ. ಉದ್ದ ತೋಳಿನ ಈಜುಡುಗೆ ಮತ್ತು ಕಾಲಿಗೆ ಲೆಗ್ಗಿಂಗ್ಸ್ ಇದ್ದರೆ ಬಿಸಿಲು, ಚಳಿ, ಜೆಲ್ಲಿಫಿಶ್ ಮೂರಕ್ಕೂ ತಡೆ. ಬೋರಲಾಗಿ ತೇಲುವುದರಿಂದ ಸುಡುವುದು ಬೆನ್ನು, ಕತ್ತಿನ ಹಿಂಭಾಗ, ಮೊಣಕಾಲಿನ ಹಿಂದೆ, ಮತ್ತೆ ಬೈತಲೆ. ಬೈತಲೆ ಸುಟ್ಟುಕೊಂಡವರಿಗೆ ರಾತ್ರಿ ಬಾಚಣಿಗೆ ತಾಗಿಸಲೂ ಆಗುವುದಿಲ್ಲ.

ಬಟ್ಟೆ ಮುಚ್ಚದ ಕಡೆಗೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಕ್ರೀಮ್ ಹಚ್ಚಿ. ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಇರುವುದು ಬೇಡ. ಹವಳಕ್ಕೆ ಹಾನಿ ಎಂದು ಪಲಾವ್ ದೇಶ 2020ರಲ್ಲಿ, ಹವಾಯಿ 2021ರಲ್ಲಿ ಇವುಗಳ ಮಾರಾಟ ನಿಲ್ಲಿಸಿದವು. ಟ್ಯೂಬ್ ಮೇಲೆ ಹವಳಕ್ಕೆ ಸುರಕ್ಷಿತ ಎಂದು ದೊಡ್ಡದಾಗಿ ಬರೆದಿದ್ದರೆ ನಂಬಬೇಡಿ, ಆ ಮಾತಿಗೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ. ಹಿಂದಿನ ಸಣ್ಣಕ್ಷರದ ಪಟ್ಟಿ ಓದಿ. ನೀರಿಗಿಳಿಯುವ ಕನಿಷ್ಠ ಕಾಲು ಗಂಟೆ ಮೊದಲು ಹಚ್ಚಿ. ಹಣೆಗೆ ಹಚ್ಚಿದ್ದು ಕರಗಿ ಮಾಸ್ಕ್‌ನೊಳಗೆ ಇಳಿದರೆ ಕಣ್ಣು ಉರಿಯುತ್ತದೆ, ಅಲ್ಲಿ ಕಡಿಮೆ ಇರಲಿ.

ಮೀನಿಗೆ ಬ್ರೆಡ್ ಹಾಕಬಹುದಾ?

ಬೇಡ. ಬ್ರೆಡ್ ಅವುಗಳ ಆಹಾರವಲ್ಲ. ತಿಂದು ಅಭ್ಯಾಸವಾದ ಮೀನುಗಳು ಪಾಚಿ ಕೆರೆಯುವುದು ಬಿಡುತ್ತವೆ, ಪಾಚಿ ಬೆಳೆದು ಹವಳವನ್ನು ಮುಚ್ಚುತ್ತದೆ. ಕೈ ಕಂಡರೆ ಕಚ್ಚಲು ಬರುವುದೂ ಉಂಟು. ಗೈಡೇ ಹಾಕುತ್ತಿದ್ದರೆ ಮರ್ಯಾದೆಯಿಂದಲೇ ಬೇಡ ಎನ್ನಿ.

ಶಾರ್ಕ್ ಇರುತ್ತದಾ? ಬೇರೆ ಏನು ಕಚ್ಚಬಹುದು?

ಇರಬಹುದು. ದಿಬ್ಬದ ಮೇಲೆ ಕಾಣುವ ನರ್ಸ್ ಶಾರ್ಕ್, ರೀಫ್ ಶಾರ್ಕ್‌ಗಳು ಜನರನ್ನು ಕಂಡರೆ ದೂರ ಹೋಗುವುದೇ ಜಾಸ್ತಿ. ಬೆಲೀಜ್‌ನ ಹೋಲ್ ಚಾನ್ ಸಂರಕ್ಷಿತ ಪ್ರದೇಶಕ್ಕೆ ಜನ ನರ್ಸ್ ಶಾರ್ಕ್ ನೋಡಲೆಂದೇ ಹೋಗುತ್ತಾರೆ. ಬಾಲ ಮುಟ್ಟಬೇಡಿ, ಅಷ್ಟೇ.

ನಿಜವಾಗಿ ತೊಂದರೆ ಕೊಡುವುದು ಅಲುಗಾಡದ ಸಣ್ಣ ಜೀವಿಗಳು. ಸಾಸಿವೆ ಹಳದಿ ಬಣ್ಣ, ತುದಿ ಬಿಳಿ ಇದ್ದರೆ ಅದು ಫೈರ್ ಕೋರಲ್ ಇರಬಹುದು, ತಾಗಿದರೆ ಬೆಂಕಿ ಹತ್ತಿದಂತೆ ಉರಿ. ಉದ್ದ ಮುಳ್ಳಿನ ಸೀ ಅರ್ಚಿನ್ ಮೇಲೆ ಕಾಲಿಟ್ಟರೆ ಮುಳ್ಳು ಚರ್ಮದೊಳಗೇ ಮುರಿಯುತ್ತದೆ. ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ಮರಳಿನಡಿ ಹೂತುಕೊಂಡು ಮಲಗಿರುತ್ತದೆ. ದಡದಿಂದ ಇಳಿಯುವಾಗ ಹೆಜ್ಜೆ ಎತ್ತಿಡದೆ ಪಾದವನ್ನು ಮರಳಿನಲ್ಲೇ ಎಳೆಯುತ್ತಾ ನಡೆದರೆ ಅದು ತಾನಾಗಿಯೇ ಜಾಗ ಬಿಟ್ಟು ಹೋಗುತ್ತದೆ. ಉತ್ತರ ಆಸ್ಟ್ರೇಲಿಯಾದಲ್ಲಿ ನವೆಂಬರ್‌ನಿಂದ ಮೇವರೆಗೆ ವಿಷದ ಜೆಲ್ಲಿಫಿಶ್ ಕಾಲ. ಆಗ ಮೈ ಪೂರ್ತಿ ಮುಚ್ಚುವ ಸೂಟ್ ಕೊಡುತ್ತಾರೆ, ಸೆಖೆ ಎಂದು ಬೇಡ ಅನ್ನಬೇಡಿ.

ಮುಟ್ಟಿನ ದಿನ ಬಿದ್ದರೆ?

ನಿಮಗೆ ಆರಾಮವಿದ್ದರೆ ಹೋಗಿ. ಕಪ್ ಅಥವಾ ಟ್ಯಾಂಪೂನ್ ಸಾಕು. ಅದರಿಂದ ಶಾರ್ಕ್ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ದೋಣಿಯಲ್ಲಿ ವಾಂತಿ ಬರುತ್ತದೆ. ಏನು ಮಾಡಬೇಕು?

ದೊಡ್ಡ ಹಡಗಿನಲ್ಲಿ ಏನೂ ಆಗದವರಿಗೂ ಸಣ್ಣ ದೋಣಿಯಲ್ಲಿ ಆಗಬಹುದು. ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ಸಂಕಟ ಶುರುವಾದ ಮೇಲೆ ಅಷ್ಟು ಪ್ರಯೋಜನವಿಲ್ಲ. ಕೆಲವು ಮಾತ್ರೆ ನಿದ್ದೆ ತರಿಸುತ್ತದೆ. ಆದ್ದರಿಂದ ಹೊಸ ಮಾತ್ರೆಯನ್ನು ಅದೇ ದಿನ ಮೊದಲ ಸಲ ನುಂಗಬೇಡಿ, ಮುಂಚೆ ಒಂದು ದಿನ ನೋಡಿಕೊಳ್ಳಿ. ದೋಣಿಯ ಹಿಂಭಾಗದಲ್ಲಿ ಕೂತು ದಿಗಂತ ನೋಡಿ, ಮೊಬೈಲ್ ನೋಡಬೇಡಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ನೀರಿನ ಭಯ ಇಲ್ಲದ, ಹೇಳಿದ್ದು ಕೇಳುವ ಮಕ್ಕಳಿಗೆ ಇದಕ್ಕಿಂತ ಖುಷಿಯ ದಿನ ಇರಲಾರದು. ವಯಸ್ಸಿನ ಮಿತಿ ಪ್ರವಾಸದಿಂದ ಪ್ರವಾಸಕ್ಕೆ ಬೇರೆ. ಮಾಸ್ಕ್ ಮಕ್ಕಳ ಅಳತೆಯದೇ ಇರಬೇಕು, ಹಡಗಿನ ಈಜುಕೊಳದಲ್ಲಿ ಮೊದಲೇ ಅಭ್ಯಾಸ ಮಾಡಿಸಿ. ಮಕ್ಕಳಿಗೆ ಬೇಗ ಚಳಿಯಾಗುತ್ತದೆ. ನೀರು ಗಾಳಿಗಿಂತ ಇಪ್ಪತ್ತೈದು ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ತುಟಿ ನೀಲಿಯಾಗುವವರೆಗೆ ಕಾಯದೆ, ನಡುಗಲು ಶುರುವಾದ ಕೂಡಲೇ ಮೇಲೆ ಹತ್ತಿಸಿ.

ಫೋಟೋ ಯಾಕೆ ನೀಲಿ ನೀಲಿ ಬರುತ್ತದೆ?

ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತದೆ. ಕೆಲವೇ ಮೀಟರ್ ಆಳದಲ್ಲಿ ಕೆಂಪು ಮಂಕಾಗುತ್ತದೆ. ಮೇಲೆ ತೇಲುವಾಗಲೂ ಬೆಳಕು ಕೆಳಗೆ ಹೋಗಿ ಮರಳಿ ಬರಬೇಕಲ್ವಾ. ಸೂರ್ಯ ಬೆನ್ನ ಹಿಂದೆ ಇರುವಂತೆ, ಆದಷ್ಟು ಹತ್ತಿರದಿಂದ ತೆಗೆಯಿರಿ. ಕ್ಯಾಮೆರಾಕ್ಕೆ ತೇಲುವ ಹಿಡಿಕೆ ಕಟ್ಟಿ. ಆದರೆ ಮೊದಲರ್ಧ ಗಂಟೆ ಕ್ಯಾಮೆರಾ ದೋಣಿಯಲ್ಲೇ ಇರಲಿ ಎನ್ನುವುದು ನನ್ನ ಸಲಹೆ. ಕ್ಯಾಮೆರಾ ಹಿಡಿದವರ ಕಣ್ಣು ಪರದೆಯ ಮೇಲಿರುತ್ತದೆ, ಕಾಲು ಹವಳದ ಮೇಲಿರುತ್ತದೆ. ಆಮೆಯನ್ನು ಅಟ್ಟಿಸಿಕೊಂಡು ಹೋಗಬೇಡಿ, ಅದು ಉಸಿರಾಡಲು ಮೇಲೆ ಬರಬೇಕು. ದಾರಿಗೆ ಅಡ್ಡ ಹೋಗದಿದ್ದರೆ ಅದೇ ನಿಮ್ಮ ಪಕ್ಕದಲ್ಲಿ ಬಂದು ಹೋಗುತ್ತದೆ.

ನೀರಿನ ಸೆಳೆತ ಇದ್ದರೆ? ಗುಂಪಿನಿಂದ ದೂರವಾದರೆ?

ಇಳಿದ ಕೂಡಲೇ ಕೈಕಾಲು ಆಡಿಸದೆ ಒಂದು ನಿಮಿಷ ತೇಲಿ, ಯಾವ ಕಡೆ ಒಯ್ಯುತ್ತಿದೆ ನೋಡಿ. ಸೆಳೆತಕ್ಕೆ ಎದುರಾಗಿ ಮೊದಲು ಹೋಗಿ. ಸುಸ್ತಾದಾಗ ಅದೇ ನಿಮ್ಮನ್ನು ದೋಣಿಯ ಕಡೆ ತರುತ್ತದೆ. ಪ್ರತಿ ಒಂದೆರಡು ನಿಮಿಷಕ್ಕೊಮ್ಮೆ ತಲೆ ಎತ್ತಿ ದೋಣಿ ಎಲ್ಲಿದೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಸೆಳೆತ ಜೋರಿದ್ದರೆ ಅದರ ಜೊತೆ ಜಗ್ಗಾಡಬೇಡಿ, ಅಂಗಾತ ತೇಲಿ ಸಂಜ್ಞೆ ಮಾಡಿ. ಅಂಗೈಯನ್ನು ನೆತ್ತಿಯ ಮೇಲಿಟ್ಟು ತೋಳನ್ನು ಬಳೆಯಂತೆ ಬಾಗಿಸಿದರೆ ಎಲ್ಲ ಸರಿ ಎಂದರ್ಥ. ಕೈ ಎತ್ತಿ ಬೀಸಿದರೆ ಸಹಾಯ ಬೇಕು ಎಂದು. ಅದಕ್ಕೇ ದೋಣಿಯಲ್ಲಿರುವ ಮನೆಯವರಿಗೆ ಸುಮ್ನೆ ಟಾಟಾ ಮಾಡಬೇಡಿ!

ಹವಾಮಾನ ಕೆಟ್ಟು ರದ್ದಾದರೆ?

ಹಡಗಿನವರು ರದ್ದು ಮಾಡಿದರೆ ದುಡ್ಡು ವಾಪಸ್ ಬರುತ್ತದೆ. ಹೊರಗೆ ಮಾಡಿದ್ದರೆ ಹಡಗು ಆ ಬಂದರಿಗೇ ಹೋಗದಿದ್ದರೆ ಏನು ಎಂದು ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ. ರದ್ದು ಮಾಡಿದ ಗೈಡ್ ಜೊತೆ ಜಗಳ ಬೇಡ. ಬೇಡ ಅನ್ನಲು ಧೈರ್ಯವಿರುವ ಗೈಡೇ ಒಳ್ಳೆಯ ಗೈಡ್.

ಹವಳದ ತುಂಡು, ಚಿಪ್ಪು ಮನೆಗೆ ತರಬಹುದಾ?

ತರಬೇಡಿ. ದಡದಲ್ಲಿ ಬಿದ್ದ ಸತ್ತ ತುಂಡೂ ಬೇಡ. ಗಟ್ಟಿ ಹವಳಗಳು ಮತ್ತು ಕ್ವೀನ್ ಕಾಂಕ್ ಎಂಬ ದೊಡ್ಡ ಶಂಖ ಕಾಡು ಜೀವಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಅಂಗಡಿಯಲ್ಲಿ ಮಾರಿದರೂ ಕಸ್ಟಮ್ಸ್‌ನಲ್ಲಿ ಕಾಗದಪತ್ರ ಕೇಳಿ ಕಿತ್ತುಕೊಳ್ಳಬಹುದು.

ಮುಗಿಸಿ ಬಂದ ಮೇಲೆ ಏನು ಮಾಡಬೇಕು? ಹವಳ ತರಚಿದ್ದರೆ?

ಸಿಹಿನೀರಿನಲ್ಲಿ ಸ್ನಾನ ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಕಿವಿಯಲ್ಲಿ ನೀರು ಕೂತಿದ್ದರೆ ತಲೆ ಓರೆ ಮಾಡಿ ಕಿವಿಯನ್ನು ಮೆಲ್ಲಗೆ ಎಳೆಯಿರಿ. ಹತ್ತಿಕಡ್ಡಿ ಹಾಕಬೇಡಿ.

ಹವ‌ಳ ತರಚಿದ ಗಾಯ ಸಣ್ಣದಾಗಿ ಕಂಡರೂ ಬೇಗ ಮಾಯುವುದಿಲ್ಲ, ಏಕೆಂದರೆ ಸುಣ್ಣದ ಚೂರುಗಳೂ ಲೋಳೆಯೂ ಒಳಗೆ ಉಳಿದಿರುತ್ತವೆ. ಸೋಪು ಮತ್ತು ಶುದ್ಧ ನೀರಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ, ಕಾಣುವ ಚೂರನ್ನು ಚಿಮಟದಿಂದ ತೆಗೆಯಿರಿ, ಆಂಟಿಸೆಪ್ಟಿಕ್ ಹಚ್ಚಿ. ದಿನಕ್ಕೆರಡು ಸಲ ನೋಡುತ್ತಿರಿ. ಸುತ್ತ ಕೆಂಪು ಹರಡಿದರೆ, ಕೀವು ಅಥವಾ ಜ್ವರ ಬಂದರೆ ಹಡಗಿನ ವೈದ್ಯರಿಗೆ ತೋರಿಸಿ. ಪ್ರವಾಸ ಮುಗಿದು ಮನೆಗೆ ಬಂದ ಮೇಲೆ ಹೀಗಾದರೆ, ಇದು ಸಮುದ್ರದ ನೀರಿನಲ್ಲಿ ಹವಳ ತರಚಿ ಆದ ಗಾಯ ಎಂದು ವೈದ್ಯರಿಗೆ ಮರೆಯದೆ ಹೇಳಿ. ಸಮುದ್ರದ ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು ಬೇರೆ, ಔಷಧಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ.